ಸರಾಸರಿ ಒಂದೇ, ಓಟ ಮಾತ್ರ ಬೇರೆ: ತಾಪಮಾನದ ಏರಿಳಿತ ಮತ್ತು ಶೀತರಕ್ತದ ಪ್ರಾಣಿಗಳು

ಬಿಸಿಲುಗೋಡೆ:
ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರ ಓದಿದವಳಲ್ಲ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ಮನೆಯ ಹಿಂದಿನ ಕಲ್ಲುಗೋಡೆಯ ಮೇಲೆ ಒಂದು ಓತಿಕ್ಯಾತ ಇದೆ. ಎರಡು ತಿಂಗಳಿಂದ ದಿನಾ ಅದನ್ನು ನೋಡಿ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಬೆಳಗ್ಗೆ ಗೋಡೆ ತಣ್ಣಗಿರುವಾಗ ಎರಡು ಹೆಜ್ಜೆ ಹತ್ತಿರ ಹೋದರೂ ಓಡುವುದಿಲ್ಲ. ಬಾಯಿ ತೆರೆದು, ಗಂಟಲು ಉಬ್ಬಿಸಿ ಹೆದರಿಸುತ್ತದೆ. ಹತ್ತು ಗಂಟೆಯ ನಂತರ ನಾನು ಬಾಗಿಲು ತೆರೆದ ಸದ್ದಿಗೇ ಮಾಯ. ನಡುಮಧ್ಯಾಹ್ನ ಕಾಣಿಸುವುದೇ ಇಲ್ಲ. ಸಂಜೆ ಮತ್ತೆ ಬರುತ್ತದೆ.

ತಣ್ಣಗಿದ್ದರೆ ನಿಧಾನ, ಬಿಸಿಯಾದರೆ ಚುರುಕು ಎನ್ನುವುದು ಗೊತ್ತು. ನನಗೆ ಬಿಡಿಸಲಾಗದ ಒಗಟು ಬೇರೆ. ಒಂದು ವಾರ ಪೂರ್ತಿ ಮೋಡ ಇತ್ತು. ಹಗಲು ರಾತ್ರಿಗೆ ತಾಪಮಾನದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಇನ್ನೊಂದು ವಾರ ಆಕಾಶ ಶುಭ್ರ, ರಾತ್ರಿ ಚಳಿ, ಹಗಲು ಸುಡುಬಿಸಿಲು. ನನ್ನ ಥರ್ಮಾಮೀಟರ್ ಲೆಕ್ಕದಲ್ಲಿ ಎರಡೂ ವಾರದ ಸರಾಸರಿ ಹೆಚ್ಚುಕಡಿಮೆ ಒಂದೇ. ಆದರೆ ಓತಿಕ್ಯಾತದ ನಡವಳಿಕೆ ಎರಡು ಬೇರೆ ಪ್ರಾಣಿಗಳದ್ದು ಎನ್ನುವ ಹಾಗಿತ್ತು. ಮೋಡದ ವಾರ ಇಡೀ ದಿನ ಮಂಕು. ಬಿಸಿಲಿನ ವಾರ ಕೆಲವು ಗಂಟೆ ಮಿಂಚು, ಉಳಿದ ಹೊತ್ತು ಪತ್ತೆಯೇ ಇಲ್ಲ.

ಹಾಗಾದರೆ ಸರಾಸರಿ ತಾಪಮಾನದಿಂದ ಏನೂ ತಿಳಿಯುವುದಿಲ್ಲವಾ? ಏರಿಳಿತ ಇಂಥ ಪ್ರಾಣಿಗಳಿಗೆ ಒಳ್ಳೆಯದೋ ಕೆಟ್ಟದ್ದೋ?

ಜೀವಶಾಸ್ತ್ರದ ಮೇಷ್ಟ್ರು:
ನಿಮ್ಮ ನೋಟ್‌ಬುಕ್ ಜೋಪಾನವಾಗಿಡಿ. ನೀವು ನೋಡಿದ ಬಾಯಿ ತೆರೆಯುವ ವಿಷಯದ ಮೇಲೆ 1982ರಲ್ಲಿ ಪಾಲ್ ಹರ್ಟ್ಸ್, ರೇಮಂಡ್ ಹ್ಯೂಯಿ, ಎವಿಯಟಾರ್ ನೆವೊ ಎಂಬ ಮೂವರು ವಿಜ್ಞಾನಿಗಳು ಒಂದು ಪ್ರಬಂಧವನ್ನೇ ಬರೆದರು. ಓತಿಕ್ಯಾತದ ಬಳಗಕ್ಕೇ ಸೇರಿದ ಹಲ್ಲಿಗಳು ಮೈ ಬೆಚ್ಚಗಿದ್ದರೆ ಓಡಿಹೋಗುತ್ತಿದ್ದವು. ಮೈ ತಣ್ಣಗಿದ್ದರೆ ನಿಂತು ಎದುರಿಸುತ್ತಿದ್ದವು. ತಣ್ಣನೆಯ ಕಾಲು ನಂಬಿ ಬಯಲಲ್ಲಿ ಓಡಿದರೆ ಸಿಕ್ಕಿಬೀಳುವುದು ಖಂಡಿತ. ಆದರೆ ದವಡೆಯ ಬಲ ಚಳಿಗೆ ಅಷ್ಟಾಗಿ ಕುಗ್ಗುವುದಿಲ್ಲ. ಸ್ನಾಯು ಎಷ್ಟು ಬಲವಾಗಿ ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಬೇಗ ಎಳೆಯುತ್ತದೆ ಎನ್ನುವುದರ ಮೇಲೆ ಚಳಿಯ ಪೆಟ್ಟು ಜಾಸ್ತಿ. ಅದಕ್ಕೇ ಕಚ್ಚುವ ಬೆದರಿಕೆ ಬೆಳಗಿನ ಹೊತ್ತಲ್ಲೂ ನಿಜವಾದ ಬೆದರಿಕೆ.

ಹೆಸರಿನ ಬಗ್ಗೆ ಒಂದು ಮಾತು. ಶೀತರಕ್ತ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಬಿಸಿಲು ಕಾಯಿಸಿಕೊಂಡ ಹಲ್ಲಿಯ ರಕ್ತ ನಮ್ಮ ರಕ್ತಕ್ಕಿಂತ ಬಿಸಿಯಾಗಿರಬಹುದು. ಅಮೆರಿಕದ ಮರುಭೂಮಿ ಇಗ್ವಾನ 40 ಡಿಗ್ರಿ ಆಸುಪಾಸಿನಲ್ಲಿ ಆರಾಮಾಗಿ ಓಡಾಡುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮ ಶಾಖ ನಾವು ಉಂಡ ಅನ್ನದಿಂದ ಒಳಗೇ ಹುಟ್ಟುತ್ತದೆ, ಅವುಗಳದ್ದು ಬಹುಪಾಲು ಹೊರಗಿನಿಂದ ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಒಂದು ಗ್ರಾಫ್ ಕಲ್ಪಿಸಿಕೊಳ್ಳಿ. ಅಡ್ಡಕ್ಕೆ ಮೈಯ ತಾಪಮಾನ, ಮೇಲಕ್ಕೆ ಓಟದ ವೇಗ. ತಣ್ಣನೆಯ ಕಡೆಯಿಂದ ಗೆರೆ ನಿಧಾನವಾಗಿ ಏರುತ್ತದೆ. ಏರುತ್ತಾ ಏರುತ್ತಾ ಕಡಿದಾಗುತ್ತದೆ. ಒಂದು ತುದಿ ಮುಟ್ಟುತ್ತದೆ. ಆಮೇಲೆ ಕೆಲವೇ ಡಿಗ್ರಿಗಳಲ್ಲಿ ಬಂಡೆಯಿಂದ ಬಿದ್ದ ಹಾಗೆ ಇಳಿದು ಸೊನ್ನೆಯಾಗುತ್ತದೆ. ಎರಡು ಕಡೆ ಸಮ ಇಲ್ಲದ ಈ ಆಕಾರವೇ ಎಲ್ಲಕ್ಕೂ ಮೂಲ. ಹಲ್ಲಿ, ಮೀನು, ಕಪ್ಪೆ, ನೊಣ, ಯಾವುದನ್ನು ಅಳೆದರೂ ಹೆಚ್ಚುಕಡಿಮೆ ಇದೇ ಆಕಾರ ಸಿಗುತ್ತದೆ. ಏರುವ ಭಾಗದಲ್ಲಿ ಹತ್ತು ಡಿಗ್ರಿ ಹೆಚ್ಚಿದರೆ ದೇಹದೊಳಗಿನ ಎಷ್ಟೋ ಕ್ರಿಯೆಗಳ ವೇಗ ಎರಡು ಮೂರು ಪಟ್ಟು ಆಗುತ್ತದೆ. ಇಳಿಯುವ ಭಾಗದಲ್ಲಿ ಪ್ರೋಟೀನ್‌ಗಳು ಆಕಾರ ಕಳೆದುಕೊಳ್ಳುತ್ತವೆ, ಜೀವಕೋಶದ ಪೊರೆ ಸಡಿಲವಾಗುತ್ತದೆ, ನರ ಮತ್ತು ಹೃದಯ ತಾಳ ತಪ್ಪುತ್ತವೆ.

ಲೆಕ್ಕದಹಾಳೆ:
ಮೇಷ್ಟ್ರು ಹೇಳಿದ ಆಕಾರದಿಂದಲೇ ನಿಮ್ಮ ಒಗಟಿನ ಅರ್ಧ ಭಾಗ ಬಿಡಿಸಬಹುದು. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಸುಮ್ನೆ ಒಂದು ಕಾಲ್ಪನಿಕ ಹಲ್ಲಿ ತೆಗೆದುಕೊಳ್ಳಿ. 10 ಡಿಗ್ರಿಯಲ್ಲಿ ಅದರ ವೇಗ 1. 20 ಡಿಗ್ರಿಯಲ್ಲಿ 2. 30ರಲ್ಲಿ 4. 35ರಲ್ಲಿ 5, ಅದೇ ತುದಿ. 40ಕ್ಕೆ ಹೋದರೆ 2ಕ್ಕೆ ಕುಸಿತ. 43ಕ್ಕೆ ಸೊನ್ನೆ.

ಮೊದಲು ತಂಪು ಕಾಲ. ಇಡೀ ದಿನ 20 ಡಿಗ್ರಿ ಇದ್ದರೆ ವೇಗ 2. ಅರ್ಧ ದಿನ 10, ಅರ್ಧ ದಿನ 30 ಇದ್ದರೂ ಸರಾಸರಿ ತಾಪಮಾನ 20ವೇ. ಆದರೆ ವೇಗದ ಸರಾಸರಿ 1 ಮತ್ತು 4ರ ನಡುವಿನದು, ಅಂದರೆ 2.5. ಕಾಲು ಭಾಗ ಲಾಭ. ರಾತ್ರಿ ಕಳೆದುಕೊಂಡದ್ದಕ್ಕಿಂತ ಹಗಲು ಗಳಿಸಿದ್ದು ಜಾಸ್ತಿ.

ಈಗ ಬಿಸಿ ಕಾಲ. ಇಡೀ ದಿನ 35 ಇದ್ದರೆ ವೇಗ 5. ಅರ್ಧ ಹೊತ್ತು 30, ಅರ್ಧ ಹೊತ್ತು 40 ಇದ್ದರೆ 4 ಮತ್ತು 2ರ ಸರಾಸರಿ 3. ಸರಾಸರಿ ತಾಪಮಾನ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ವೇಗದಲ್ಲಿ ಶೇ 40 ನಷ್ಟ.

ಗೆರೆ ಬಟ್ಟಲಿನ ಹಾಗೆ ಮೇಲಕ್ಕೆ ಬಾಗಿರುವ ಕಡೆ ಏರಿಳಿತದಿಂದ ಲಾಭ. ಬೋರಲು ಹಾಕಿದ ಬಟ್ಟಲಿನ ಹಾಗೆ ಬಾಗಿರುವ ಕಡೆ ನಷ್ಟ. ಇದನ್ನು ಯೆನ್ಸೆನ್ ಅಸಮಾನತೆ ಎನ್ನುತ್ತಾರೆ. ಯೋಹಾನ್ ಯೆನ್ಸೆನ್ ಡೆನ್ಮಾರ್ಕ್‌ನವರು, ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. 1906ರಲ್ಲಿ ಇದನ್ನು ಪ್ರಕಟಿಸಿದರು. ಟೆಲಿಫೋನ್ ಎಂಜಿನಿಯರ್ ಒಬ್ಬರು ಕಂಡುಕೊಂಡ ನಿಯಮ ಇವತ್ತು ಗೋಡೆ ಮೇಲಿನ ಓತಿಕ್ಯಾತದ ದಿನಚರಿಯನ್ನು ವಿವರಿಸುತ್ತದೆ ಎನ್ನುವುದು ನನಗೆ ಈಗಲೂ ಬೆರಗು.

ಹಾಗಾಗಿ ಏರಿಳಿತ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಗೆರೆಯ ಯಾವ ಜಾಗದಲ್ಲಿ ಏರಿಳಿತ ಆಗುತ್ತಿದೆ ಎಂದು ಕೇಳಬೇಕು.

ಬಿಸಿಲುಗೋಡೆ:
ಕಾಗದದ ಮೇಲೆ ನಾನೂ ಲೆಕ್ಕ ಹಾಕಿ ನೋಡಿದೆ ಸರ್. ಈಗ ಅರ್ಥವಾಯಿತು. ಮೋಡದ ವಾರ ಅದು ಇಡೀ ದಿನ ಗೆರೆಯ ನಡುವೆಯೇ ಕೂತಿತ್ತು. ಬಿಸಿಲಿನ ವಾರ ತುದಿಯನ್ನು ಮುಟ್ಟಿಯೂ ಬಂತು, ತುದಿ ದಾಟುವ ಭಯಕ್ಕೆ ಅವಿತೂ ಕೂತಿತು. ಇದು ಎಲ್ಲ ಕೀಟಗಳಿಗೂ ಅನ್ವಯಿಸುತ್ತದೆಯಾ?

ಕೀಟನೋಟ:
ಅನ್ವಯಿಸುತ್ತದೆ. ಕೀಟದ ಹೊಟ್ಟೆಯೊಳಗಿನ ಪರಾವಲಂಬಿಗೂ ಅನ್ವಯಿಸುತ್ತದೆ!

ರಾತ್ರಿ ಕಿರ್ರೆನ್ನುವ ಜೀರುಂಡೆಯಿಂದ ಶುರು ಮಾಡೋಣ. ಅಮೆರಿಕದ ಭೌತವಿಜ್ಞಾನಿ ಏಮಸ್ ಡಾಲ್ಬೇರ್ 1897ರಲ್ಲೇ ಅದರ ಕೂಗು ಎಣಿಸಿ ತಾಪಮಾನ ಹೇಳುವ ಸೂತ್ರ ಕೊಟ್ಟರು. ಸೆಕೆ ಹೆಚ್ಚಿದಂತೆ ರೆಕ್ಕೆ ಉಜ್ಜುವ ಸ್ನಾಯು ಬೇಗ ಬೇಗ ಬಿಗಿದು ಸಡಿಲವಾಗುತ್ತದೆ, ಕೂಗು ಹೆಚ್ಚುತ್ತದೆ.

ಇನ್ನು ಸೊಳ್ಳೆ. ಮಲೇರಿಯಾ ರೋಗಾಣು ಸೊಳ್ಳೆಯೊಳಗೆ ಬೆಳೆದು ಲಾಲಾಗ್ರಂಥಿ ತಲುಪಲು ಒಂದಷ್ಟು ದಿನ ಬೇಕು. ಸೊಳ್ಳೆಯ ಆಯಸ್ಸೇ ಚಿಕ್ಕದು, ಆದ್ದರಿಂದ ಈ ದಿನಗಳ ಲೆಕ್ಕ ಬಹಳ ಮುಖ್ಯ. ಹಿಂದೆಲ್ಲ ತಿಂಗಳ ಸರಾಸರಿ ತಾಪಮಾನ ಹಿಡಿದು ಲೆಕ್ಕ ಹಾಕುತ್ತಿದ್ದರು. 2010ರಲ್ಲಿ ಕ್ರೈನ್ ಪೈಮನ್ಸ್ ಮತ್ತು ಜೊತೆಗಾರರು ದಿನದ ಏರಿಳಿತವನ್ನೂ ಸೇರಿಸಿ ನೋಡಿದರು. ತಂಪು ಸರಾಸರಿಯ ಸುತ್ತ ಏರಿಳಿತ ಇದ್ದರೆ ರೋಗಾಣು ಬೇಗ ಬೆಳೆಯುತ್ತದೆ. ಬಿಸಿ ಸರಾಸರಿಯ ಸುತ್ತ ಏರಿಳಿತ ಇದ್ದರೆ ಬೆಳವಣಿಗೆ ನಿಧಾನವಾಗುತ್ತದೆ. ಮೇಲೆ ಕಾಲ್ಪನಿಕ ಹಲ್ಲಿಗೆ ಹಾಕಿದ ಲೆಕ್ಕವೇ ಇದು, ಆದರೆ ಇಲ್ಲಿ ಮನುಷ್ಯರ ಜೀವ ಅದರ ಮೇಲೆ ನಿಂತಿದೆ. ಸರಾಸರಿಯನ್ನಷ್ಟೇ ನಂಬಿದರೆ, ತಂಪು ಎಂದು ನಿಶ್ಚಿಂತೆಯಾಗಿರುವ ಎತ್ತರದ ಜಾಗಗಳಲ್ಲಿ ಅಪಾಯವನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ.

ಗೊದಮೊಟ್ಟೆ:
ಲೆಕ್ಕದಹಾಳೆ ಅವರೇ, ನಿಮ್ಮ ಲೆಕ್ಕ ಸುಂದರವಾಗಿದೆ. ಆದರೆ ಅದರಲ್ಲಿ ಒಂದು ದೊಡ್ಡ ಊಹೆ ಅಡಗಿದೆ. ನಾನು ಕಪ್ಪೆಮರಿಗಳ ಜೊತೆ ಕೆಲಸ ಮಾಡುವವಳು, ಈ ಊಹೆ ನಮಗೆ ಬಹಳ ಕಾಟ ಕೊಟ್ಟಿದೆ.

ನಿಮ್ಮ ಪಟ್ಟಿಯಲ್ಲಿ 30 ಡಿಗ್ರಿಗೆ ವೇಗ 4 ಎಂದಿದೆ. ಈ ಗಂಟೆ 30 ಡಿಗ್ರಿ ಇದ್ದರೂ, ಹೋದ ಗಂಟೆ ಎಷ್ಟಿತ್ತು, ನಿನ್ನೆ ಎಷ್ಟಿತ್ತು ಎನ್ನುವುದು ಲೆಕ್ಕಕ್ಕೇ ಇಲ್ಲ ಎಂದಾಯಿತು. ಪ್ರಾಣಿಗೆ ನೆನಪೇ ಇಲ್ಲ ಎಂದ ಹಾಗೆ. ಆದರೆ ದೇಹಕ್ಕೆ ನೆನಪಿದೆ.

ಆಸ್ಟ್ರೇಲಿಯಾದ ಪಟ್ಟೆ ಜವುಗುಕಪ್ಪೆಯ ಗೊದಮೊಟ್ಟೆಗಳ ಮೇಲೆ ಅಮಾಂಡಾ ನೀಹಾಸ್ ಮತ್ತು ಸಂಗಡಿಗರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಸ್ಥಿರ ತಾಪಮಾನದಲ್ಲಿ ಸಾಕಿ ಗ್ರಾಫ್ ಬರೆದರು. ಅದರಿಂದ ಏರಿಳಿಯುವ ನೀರಿನಲ್ಲಿ ಮರಿಗಳು ಹೇಗೆ ಬೆಳೆಯಬೇಕು ಎಂದು ಲೆಕ್ಕ ಹಾಕಿದರು. ಆಮೇಲೆ ನಿಜವಾಗಿ ಸಾಕಿ ನೋಡಿದರು. ಲೆಕ್ಕಕ್ಕೂ ಮರಿಗಳಿಗೂ ಹೊಂದಲಿಲ್ಲ.

ಯಾಕೆ? ಕಾರಣ ಒಂದಲ್ಲ. ಸ್ಥಿರವಾಗಿ 36 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟರೆ ಸಾಯುವ ಪ್ರಾಣಿ, ದಿನಕ್ಕೆ ಒಂದು ಗಂಟೆ ಅದೇ 36 ಡಿಗ್ರಿ ಸಿಕ್ಕರೆ ಚೆನ್ನಾಗಿ ಬೆಳೆಯಬಹುದು. ಶಾಖದ ಹಾನಿ ಹೊತ್ತು ಕಳೆದಂತೆ ಸೇರುತ್ತಾ ಹೋಗುತ್ತದೆ. ಸಹಿಸುವ ಗರಿಷ್ಠ ತಾಪಮಾನ ಎಂದು ಪುಸ್ತಕದಲ್ಲಿ ಒಂದು ಅಂಕಿ ಇರುತ್ತದೆ. ಅದರ ಪಕ್ಕದಲ್ಲಿ ಎಷ್ಟು ನಿಮಿಷಕ್ಕೆ ಎಂದು ಬರೆಯದಿದ್ದರೆ ಆ ಅಂಕಿ ಅರ್ಧ ಸತ್ಯ.

ಇನ್ನೊಂದು, ರಿಪೇರಿ. 1962ರಲ್ಲಿ ಫೆರುಚ್ಚೊ ರಿಟೋಸಾ ಎಂಬ ಇಟಲಿಯ ವಿಜ್ಞಾನಿ ಹಣ್ಣುನೊಣದ ವರ್ಣತಂತುಗಳಲ್ಲಿ ಹೊಸ ಉಬ್ಬುಗಳನ್ನು ಕಂಡ ಬಗ್ಗೆ ಬರೆದರು. ನೊಣಗಳಿದ್ದ ಪೆಟ್ಟಿಗೆಯ ತಾಪಮಾನ ಆಕಸ್ಮಿಕವಾಗಿ ಏರಿತ್ತು. ಬಿಸಿ ತಗುಲಿದ ಕೆಲವೇ ನಿಮಿಷದಲ್ಲಿ ಕೆಲವು ಜೀನ್‌ಗಳು ಎದ್ದು ಕೂತಿದ್ದವು. ಅವು ತಯಾರಿಸುವ ಪ್ರೋಟೀನ್‌ಗಳು ಬಿಸಿಗೆ ಮುದುಡಿದ ಬೇರೆ ಪ್ರೋಟೀನ್‌ಗಳನ್ನು ಹಿಡಿದು ಸರಿಪಡಿಸುತ್ತವೆ ಎನ್ನುವುದು ಆಮೇಲೆ ತಿಳಿಯಿತು. ಹಾಗಾಗಿ ಒಮ್ಮೆ ಹದವಾಗಿ ಬಿಸಿ ತಗುಲಿದ ಪ್ರಾಣಿ ಮುಂದಿನ ಬಿಸಿಯನ್ನು ಜಾಸ್ತಿ ತಡೆಯುತ್ತದೆ. ಆದರೆ ಈ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ. ಬೆಳವಣಿಗೆಗೆ ಹೋಗಬೇಕಾದದ್ದು ರಿಪೇರಿಗೆ ಹೋಗುತ್ತದೆ.

ಚಳಿಯ ಕಡೆಯೂ ಇದೇ ಕಥೆ. ಶೀತಲ ಪೆಟ್ಟಿಗೆಯಲ್ಲಿ ಕೀಟಗಳನ್ನು ಒಂದೇ ಸಮ ಇಟ್ಟರೆ ದಿನಗಳೆದಂತೆ ಸಾಯುತ್ತವೆ. ಅದೇ ಪೆಟ್ಟಿಗೆಯನ್ನು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿದರೆ ಎಷ್ಟೋ ಜಾಸ್ತಿ ಬದುಕುತ್ತವೆ. ಚಳಿಯಲ್ಲಿ ಅವುಗಳ ಮೈಯೊಳಗಿನ ಸೋಡಿಯಂ, ಪೊಟ್ಯಾಸಿಯಂ ಲವಣಗಳ ಸಮತೋಲ ನಿಧಾನವಾಗಿ ಕೆಡುತ್ತದೆ. ಆ ಸ್ವಲ್ಪ ಹೊತ್ತಿನ ಬಿಸಿಯಲ್ಲಿ ಅದನ್ನು ಮತ್ತೆ ಹೊಂದಿಸಿಕೊಳ್ಳುತ್ತವೆ. ಎಲೆ ಕತ್ತರಿಸುವ ಜೇನಿನ ಮರಿಗಳನ್ನು ಕಾಪಿಡಲು ಈ ಉಪಾಯ ಬಳಕೆಯಲ್ಲೂ ಇದೆ.

ನೋಡಿ, ಒಂದೇ 24 ಗಂಟೆಯೊಳಗೆ ಹಾನಿಯೂ ಇದೆ, ಅದರ ರಿಪೇರಿಯೂ ಇದೆ. ಯಾವುದು ಮೊದಲು, ಯಾವುದಕ್ಕೆ ಎಷ್ಟು ಹೊತ್ತು ಎನ್ನುವುದು ಸರಾಸರಿಯಲ್ಲೂ ಸಿಗುವುದಿಲ್ಲ, ಯೆನ್ಸೆನ್ ಲೆಕ್ಕದಲ್ಲೂ ಸಿಗುವುದಿಲ್ಲ.

ಲೆಕ್ಕದಹಾಳೆ:
ಒಪ್ಪಿದೆ ಮೇಡಂ. ಗಂಟೆಗಳನ್ನು ಇಸ್ಪೀಟು ಎಲೆಗಳ ಹಾಗೆ ಕಲಸಿದರೂ ನನ್ನ ಲೆಕ್ಕದ ಉತ್ತರ ಬದಲಾಗುವುದಿಲ್ಲ. ನಿಜವಾದ ಪ್ರಾಣಿಗೆ ಬದಲಾಗುತ್ತದೆ. ಇದನ್ನು ನಾನು ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ. ಹಾಗಾದರೆ ಆ ಲೆಕ್ಕ ಎಲ್ಲಿ ನಡೆಯುತ್ತದೆ ಎನ್ನುತ್ತೀರಿ?

ಗೊದಮೊಟ್ಟೆ:
ಓಟ, ಈಜು, ಕಚ್ಚುವುದು ಮುಂತಾದ ಕ್ಷಣದ ಕೆಲಸಗಳಿಗೆ, ಅದೂ ತೀರಾ ಬಿಸಿ ಅಥವಾ ತೀರಾ ಚಳಿಯ ಅಂಚಿಗೆ ಹೋಗದಿದ್ದಾಗ, ಚೆನ್ನಾಗಿಯೇ ನಡೆಯುತ್ತದೆ. ಬೆಳವಣಿಗೆ, ಮೊಟ್ಟೆ, ಆಯಸ್ಸು ಎಂದು ಬಂದಾಗ ಎಚ್ಚರ ಬೇಕು. ಅಲ್ಲಿ ಇಡೀ ದಿನದ ಚರಿತ್ರೆ ಬಂದು ಕೂಡುತ್ತದೆ.

ಹಾವಿನಜಾಡು:
ನಾನು ಹಾವು ಹಿಡಿದು ಕಾಡಿಗೆ ಬಿಡುವ ಕೆಲಸ ಮಾಡುತ್ತೇನೆ. ಓಟದ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದೀರಿ, ಅರಗಿಸಿಕೊಳ್ಳುವುದರ ಬಗ್ಗೆಯೂ ಹೇಳಬೇಕು ಅನ್ನಿಸಿತು.

ಬಹಳ ವರ್ಷದ ಹಿಂದೆ, ಆಗಷ್ಟೇ ಇಲಿ ನುಂಗಿದ್ದ ಒಂದು ಕೇರೆಹಾವನ್ನು ರಾತ್ರಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಚಳಿ ರಾತ್ರಿ, ಸಿಮೆಂಟ್ ನೆಲ. ಬೆಳಗ್ಗೆ ನೋಡಿದರೆ ಇಲಿಯನ್ನು ಪೂರ್ತಿ ಕಕ್ಕಿತ್ತು. ನಾನು ಹಿಡಿದ ಗಾಬರಿಯೂ ಕಾರಣವಿರಬಹುದು. ಆದರೆ ಚಳಿಯ ಪಾತ್ರ ದೊಡ್ಡದು ಎಂದು ನಂತರ ಹಿರಿಯರೊಬ್ಬರು ವಿವರಿಸಿದರು. ಮೈ ತಣ್ಣಗಾದರೆ ಜೀರ್ಣರಸಗಳ ಕೆಲಸ ಬಹುತೇಕ ನಿಂತುಹೋಗುತ್ತದೆ, ಆದರೆ ಹೊಟ್ಟೆಯಲ್ಲಿರುವ ಇಲಿ ಕೊಳೆಯುವುದು ನಿಲ್ಲುವುದಿಲ್ಲ. ಹಾವಿಗೆ ಉಳಿದ ದಾರಿ ಕಕ್ಕುವುದು. ಅಷ್ಟು ಕಷ್ಟಪಟ್ಟು ಹಿಡಿದ ಊಟ ನನ್ನ ಅಜಾಗರೂಕತೆಯಿಂದ ಹಾಳಾಯಿತಲ್ಲ ಎಂದು ಈಗಲೂ ಬೇಸರವಾಗುತ್ತದೆ. ಅಂದಿನಿಂದ ಪೆಟ್ಟಿಗೆಯನ್ನು ಬೆಚ್ಚಗಿನ ಜಾಗದಲ್ಲೇ ಇಡುತ್ತೇನೆ.

ಊಟ ಮಾಡಿದ ಹಾವು ಬಿಸಿಲು ಹುಡುಕಿಕೊಂಡು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಸಿದ ಹಾವಿಗೆ ಅಷ್ಟು ಬಿಸಿ ಬೇಕಿಲ್ಲ. ಒಂದೇ ಪ್ರಾಣಿಗೆ ಒಂದೊಂದು ಕೆಲಸಕ್ಕೆ ಒಂದೊಂದು ತಾಪಮಾನ ಬೇಕು.

ಜೀವಶಾಸ್ತ್ರದ ಮೇಷ್ಟ್ರು:
ನಿಮ್ಮ ಮಾತಿಗೆ ಎರಡು ಉದಾಹರಣೆ ಸೇರಿಸುತ್ತೇನೆ.

ಒಂದು, ಗೋಸುಂಬೆ. ಅದರ ನಾಲಗೆ ಸ್ನಾಯುವಿನ ಬಲದಿಂದ ನೇರವಾಗಿ ಹಾರುವುದಿಲ್ಲ. ಬಿಲ್ಲಿನ ಹಗ್ಗ ಎಳೆದಿಟ್ಟ ಹಾಗೆ ಸ್ನಾಯು ಮೊದಲೇ ಶಕ್ತಿ ತುಂಬಿಟ್ಟಿರುತ್ತದೆ, ಒಳಗಿನ ಎಳೆಗಳು ಅದನ್ನು ಚಿಮ್ಮಿಸುತ್ತವೆ. 2010ರಲ್ಲಿ ಕ್ರಿಸ್ಟೋಫರ್ ಆ್ಯಂಡರ್ಸನ್ ಮತ್ತು ಸ್ಟೀಫನ್ ಡೆಬನ್ ಇದನ್ನು ಬೇರೆ ಬೇರೆ ತಾಪಮಾನದಲ್ಲಿ ಅಳೆದರು. 25ರಿಂದ 15 ಡಿಗ್ರಿಗೆ ಇಳಿಸಿದಾಗ ನಾಲಗೆ ಚಾಚುವ ಶಕ್ತಿ ಶೇ 20ರೊಳಗೇ ಕುಗ್ಗಿತು. ಆದರೆ ಸ್ನಾಯು ನೇರವಾಗಿ ಮಾಡುವ ಕೆಲಸ, ಅಂದರೆ ನಾಲಗೆ ಒಳಗೆಳೆದುಕೊಳ್ಳುವುದು, ಶೇ 40ಕ್ಕೂ ಹೆಚ್ಚು ಕುಗ್ಗಿತು. ಹೀಗಾಗಿ ಗೋಸುಂಬೆ ಬೇರೆ ಹಲ್ಲಿಗಳು ಇನ್ನೂ ಏಳದ ತಣ್ಣನೆಯ ಬೆಳಗಿನಲ್ಲೂ ಬೇಟೆಯಾಡಬಲ್ಲದು.

ಎರಡು, ಜ್ವರ. ಮೇಲೆ ಹೇಳಿದ ಮರುಭೂಮಿ ಇಗ್ವಾನಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿದರೆ ಅದು ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ತಂಡ ಸೋಂಕು ತಗುಲಿದ ಇಗ್ವಾನಗಳನ್ನು 34ರಿಂದ 42 ಡಿಗ್ರಿವರೆಗಿನ ಬೇರೆ ಬೇರೆ ತಾಪಮಾನದಲ್ಲಿಟ್ಟಿತು. ತಣ್ಣಗಿದ್ದವು ಹೆಚ್ಚು ಸತ್ತವು, ಬಿಸಿಯಲ್ಲಿದ್ದವು ಹೆಚ್ಚು ಬದುಕಿದವು. ನಾವು ಮಲಗಿದಲ್ಲೇ ಜ್ವರ ಬರಿಸಿಕೊಳ್ಳುತ್ತೇವೆ. ಅದು ನಡೆದುಹೋಗಿ ಜ್ವರ ಪಡೆಯಬೇಕು.

ಹೊಳೆಮೀನು:
ನಡೆದುಹೋಗುವ ಮಾತು ಬಂದದ್ದು ಒಳ್ಳೆಯದಾಯಿತು. ಏರಿಳಿತ ಎಂದರೆ ಪ್ರಾಣಿಯ ಮೇಲೆ ಬಂದು ಬೀಳುವ ಸಂಗತಿ ಎಂದೇ ನಾವು ಯೋಚಿಸುತ್ತೇವೆ. ಆದರೆ ಎಷ್ಟೋ ಪ್ರಾಣಿಗಳು ಏರಿಳಿತವನ್ನು ತಾವೇ ಹುಡುಕಿಕೊಂಡು ಹೋಗುತ್ತವೆ.

ಕೆನಡಾದ ಬಬೀನ್ ಸರೋವರದ ಎಳೆಯ ಸಾಕೈ ಸಾಲ್ಮನ್ ಮೀನುಗಳು ಮುಸ್ಸಂಜೆ ಮತ್ತು ನಸುಕಿನಲ್ಲಿ ಮೇಲಿನ ಬೆಚ್ಚನೆಯ ನೀರಿಗೆ ಬಂದು ತಿನ್ನುತ್ತವೆ. ಹಗಲು ಆಳದ ತಣ್ಣನೆಯ ನೀರಿಗೆ ಇಳಿಯುತ್ತವೆ. ಜೆ. ಆರ್. ಬ್ರೆಟ್ ಎಂಬ ವಿಜ್ಞಾನಿ 1971ರಲ್ಲಿ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಹೊಟ್ಟೆ ತುಂಬಾ ಊಟ ಸಿಕ್ಕರೆ ಈ ಮೀನು ಸುಮಾರು 15 ಡಿಗ್ರಿಯಲ್ಲಿ ಅತಿ ಬೇಗ ಬೆಳೆಯುತ್ತದೆ. ಊಟ ಕಡಿಮೆಯಾದರೆ ಬೆಳವಣಿಗೆಗೆ ಅನುಕೂಲವಾದ ತಾಪಮಾನವೂ ಕೆಳಗಿಳಿಯುತ್ತದೆ. ಬೆಚ್ಚಗಿದ್ದಷ್ಟೂ ದೇಹದ ದಿನಖರ್ಚು ಜಾಸ್ತಿ. ಗಳಿಕೆ ಕಡಿಮೆ ಇರುವಾಗ ಖರ್ಚು ಕಡಿಮೆ ಇರುವ ಜಾಗದಲ್ಲಿರುವುದೇ ಜಾಣತನ. ಬಿಸಿಯಲ್ಲಿ ಉಂಡು, ತಂಪಿನಲ್ಲಿ ವಿಶ್ರಾಂತಿ. ಮೇಷ್ಟ್ರು ಬರೆದ ಗ್ರಾಫ್‌ನ ತುದಿಯೇ ಊಟದ ಪ್ರಕಾರ ಜಾಗ ಬದಲಿಸುತ್ತದೆ ಎಂದಾಯಿತು.

ಇದೇ ಸಾಕೈ ದೊಡ್ಡದಾಗಿ, ಮೊಟ್ಟೆಯಿಡಲು ಕೆನಡಾದ ಫ್ರೇಸರ್ ನದಿಗುಂಟ ಮೇಲೇರುವಾಗ ಆಯ್ಕೆ ಇರುವುದಿಲ್ಲ. ನದಿ ಎಷ್ಟು ಬಿಸಿಯಿದೆಯೋ ಅಷ್ಟು ಬಿಸಿಯಲ್ಲೇ ಪ್ರವಾಹದ ಎದುರು ಈಜಬೇಕು. ನೀರು ಬಿಸಿಯಾದಂತೆ ಮೈಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಒಂದು ಹಂತದ ನಂತರ ಹೃದಯಕ್ಕೆ ಅಷ್ಟು ರಕ್ತ ಒತ್ತಲು ಆಗುವುದಿಲ್ಲ. ಎರಿಕಾ ಎಲಿಯಾಸನ್ ತಂಡ 2011ರಲ್ಲಿ ತೋರಿಸಿದ್ದು ಇದು: ಒಂದೊಂದು ಉಪನದಿಯ ಸಾಲ್ಮನ್ ಗುಂಪಿನ ಹೃದಯವೂ ಆ ಗುಂಪು ತಲೆಮಾರುಗಳಿಂದ ಕಂಡ ನೀರಿನ ತಾಪಮಾನಕ್ಕೆ ಹೊಂದಿಕೊಂಡಿದೆ. ಹೆಚ್ಚು ಕಷ್ಟದ ದಾರಿ ಹಿಡಿಯುವ ಗುಂಪಿಗೆ ದೊಡ್ಡ ಹೃದಯ. ಹೊಂದಿಕೊಂಡ ಆ ಮಿತಿ ದಾಟಿ ಬಿಸಿ ಬಂದರೆ, ಅಷ್ಟು ದೂರ ಬಂದ ಮೀನು ದಾರಿಯಲ್ಲೇ ಸಾಯುತ್ತದೆ.

ಗೊದಮೊಟ್ಟೆ:
ಆಯ್ಕೆಯೇ ಇಲ್ಲದವರಲ್ಲಿ ಮೊಟ್ಟೆಗಳೂ ಇವೆ. ಮರಳಿನಲ್ಲಿ ಹೂತ ಆಮೆಯ ಮೊಟ್ಟೆ ಎಲ್ಲಿಗೂ ಹೋಗುವಂತಿಲ್ಲ. ಎಷ್ಟೋ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎನ್ನುವುದನ್ನು ಗೂಡಿನ ತಾಪಮಾನವೇ ತೀರ್ಮಾನಿಸುತ್ತದೆ. ಕಡಲಾಮೆಗಳಲ್ಲಿ ಸುಮಾರು 29 ಡಿಗ್ರಿ ಗಡಿ, ಅದಕ್ಕಿಂತ ಬಿಸಿಯಾದರೆ ಹೆಣ್ಣು ಜಾಸ್ತಿ. ಆದರೆ ಇಲ್ಲೂ ಸರಾಸರಿ ಸಾಕಾಗುವುದಿಲ್ಲ. ಭ್ರೂಣ ಬಿಸಿ ಹೊತ್ತಿನಲ್ಲಿ ಬೇಗ ಬೆಳೆಯುತ್ತದೆ, ತಂಪು ಹೊತ್ತಿನಲ್ಲಿ ನಿಧಾನ. ಹಾಗಾಗಿ ಅದರ ಬೆಳವಣಿಗೆಯ ಹೆಚ್ಚಿನ ಪಾಲು ನಡೆಯುವುದು ಬಿಸಿ ಗಂಟೆಗಳಲ್ಲೇ. ಆಸ್ಟ್ರೇಲಿಯಾದ ಆರ್ಥರ್ ಜಾರ್ಜಸ್ 1989ರಲ್ಲಿ ಒಂದು ಅಳತೆ ಸೂಚಿಸಿದರು. ಬೆಳವಣಿಗೆಯ ಅರ್ಧ ಭಾಗ ಯಾವ ತಾಪಮಾನಕ್ಕಿಂತ ಮೇಲೆ ಆಗುತ್ತದೋ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡು ಗೂಡುಗಳ ಸರಾಸರಿ ಒಂದೇ ಇದ್ದರೂ, ಹೆಚ್ಚು ಏರಿಳಿತ ಇರುವ ಗೂಡಿನಲ್ಲಿ ಹೆಣ್ಣು ಮರಿಗಳು ಹೆಚ್ಚಬಹುದು. ಗೂಡು ಆಳವಿದ್ದಷ್ಟೂ ದಿನದ ಏರಿಳಿತ ಕಡಿಮೆ.

ಬಿಸಿಲುಗೋಡೆ:
ಇದನ್ನೆಲ್ಲ ಓದುತ್ತಾ ನನಗೆ ಇನ್ನೊಂದು ಚಿಂತೆ ಶುರುವಾಗಿದೆ. ಆ ಕಲ್ಲುಗೋಡೆಯ ತುಂಬಾ ಬಳ್ಳಿ ಹಬ್ಬಿದೆ. ಅದನ್ನು ಪೂರ್ತಿ ಕಡಿಸಿ ಗೋಡೆ ಚೊಕ್ಕ ಮಾಡಬೇಕು ಎಂದು ಮನೆಯಲ್ಲಿ ಮಾತಾಗಿದೆ. ನಡುಮಧ್ಯಾಹ್ನ ಓತಿಕ್ಯಾತ ಕಾಣೆಯಾಗುವುದು ಆ ಬಳ್ಳಿಯೊಳಗೇ ಇರಬೇಕು ಅಲ್ವಾ? ಕಡಿದರೆ ಏನಾಗುತ್ತದೆ? ಅರ್ಧ ಗೋಡೆ ಬಿಟ್ಟರೆ ಸಾಕಾ?

ಜೀವಶಾಸ್ತ್ರದ ಮೇಷ್ಟ್ರು:
ಪೂರ್ತಿ ಕಡಿಸಬೇಡಿ, ದಯವಿಟ್ಟು.

ಬ್ಯಾರಿ ಸಿನೆರ್ವೊ ಮತ್ತು ಜೊತೆಗಾರರು 2010ರಲ್ಲಿ ಮೆಕ್ಸಿಕೊದ ಮುಳ್ಳುಹುರುಪೆ ಹಲ್ಲಿಗಳ ಬಗ್ಗೆ ಪ್ರಕಟಿಸಿದರು. 48 ಪ್ರಭೇದಗಳನ್ನು 200 ಜಾಗಗಳಲ್ಲಿ ಮತ್ತೆ ಹುಡುಕಿದರು. 1975ರಿಂದೀಚೆಗೆ ಶೇ 12ರಷ್ಟು ಜಾಗಗಳಲ್ಲಿ ಹಲ್ಲಿ ಇಲ್ಲವಾಗಿತ್ತು. ಬಿಸಿಲಿಗೆ ಬೆಂದು ಸತ್ತವು ಎಂದುಕೊಳ್ಳಬೇಡಿ. ಬಿಸಿ ಹೆಚ್ಚಾದಂತೆ ಅವು ನೆರಳಿನಲ್ಲಿ ಅವಿತು ಕೂರುವ ಗಂಟೆಗಳು ಹೆಚ್ಚಿದವು. ಬೇಟೆಗೆ ಹೊತ್ತು ಕಡಿಮೆಯಾಯಿತು. ಮರಿ ಹಾಕುವ ಕಾಲದಲ್ಲೇ ಹೊಟ್ಟೆಗೆ ಸಾಲದೆ ಹೋಯಿತು. ಓಟ ಎಷ್ಟು ಜೋರು ಎನ್ನುವುದಕ್ಕಿಂತ ದಿನದಲ್ಲಿ ಎಷ್ಟು ಗಂಟೆ ಓಡಲು ಆಗುತ್ತದೆ ಎನ್ನುವುದು ದೊಡ್ಡದಾಯಿತು.

ಬಿಸಿ ನಾಡಿನ ಪ್ರಾಣಿಗಳಿಗೆ ಇದು ಇನ್ನೂ ಕಠಿಣ. ಕರ್ಟಿಸ್ ಡಾಯ್ಚ್ ತಂಡ 2008ರಲ್ಲಿ ಕೀಟಗಳ ಅಂಕಿಗಳನ್ನು ಒಟ್ಟು ಹಾಕಿ ನೋಡಿತು. ಉಷ್ಣವಲಯದ ಕೀಟಗಳು ಈಗಾಗಲೇ ತಮ್ಮ ತುದಿಯ ಹತ್ತಿರವೇ ಬದುಕುತ್ತಿವೆ. ತಂಪು ನಾಡಿನ ಕೀಟಗಳಿಗೆ ಇನ್ನೂ ಜಾಗವಿದೆ. ಎರಡು ಡಿಗ್ರಿ ಏರಿಕೆ ಅಲ್ಲಿ ಲಾಭ, ಇಲ್ಲಿ ನಷ್ಟ.

ಈಗ ಅರ್ಧ ಗೋಡೆಯ ಪ್ರಶ್ನೆ. ನೆರಳು ಎಷ್ಟಿದೆ ಎನ್ನುವುದರ ಜೊತೆಗೆ ಅದು ಹೇಗೆ ಹಂಚಿದೆ ಎನ್ನುವುದೂ ಮುಖ್ಯ. ಮೈಕೆಲ್ ಸಿಯರ್ಸ್ ತಂಡ ಬಯಲಲ್ಲಿ ಆವರಣ ಕಟ್ಟಿ, ನೆರಳಿನ ಬಟ್ಟೆಗಳನ್ನು ಬೇರೆ ಬೇರೆ ರೀತಿಯಲ್ಲಿ ಹರಡಿ, ಹಲ್ಲಿಗಳನ್ನು ಬಿಟ್ಟು ನೋಡಿತು. 2016ರಲ್ಲಿ ಅದು ಪ್ರಕಟವಾಯಿತು. ಒಂದೇ ಕಡೆ ದೊಡ್ಡ ನೆರಳು ಇದ್ದಾಗಿನದಕ್ಕಿಂತ, ಅಷ್ಟೇ ನೆರಳು ಸಣ್ಣ ಸಣ್ಣ ತುಂಡುಗಳಾಗಿ ಅಲ್ಲಲ್ಲಿ ಇದ್ದಾಗ ಹಲ್ಲಿಗಳು ಮೈ ತಾಪಮಾನವನ್ನು ಚೆನ್ನಾಗಿ ಕಾಯ್ದುಕೊಂಡವು. ಬಿಸಿಲಿಂದ ನೆರಳಿಗೆ ಹೋಗುವ ಖರ್ಚು ಕಡಿಮೆಯಾಯಿತು. ಆದ್ದರಿಂದ ಅರ್ಧ ಗೋಡೆ ಕಡಿಯುವ ಬದಲು, ನಡುನಡುವೆ ಕಿಟಕಿಗಳ ಹಾಗೆ ತೆರವು ಮಾಡಿ.

ಕೀಟನೋಟ:
ಅಳೆಯುವ ಬಗ್ಗೆ ಒಂದು ಕಿವಿಮಾತು. ಗಾಳಿಯ ತಾಪಮಾನ ಅಳೆದರೆ ಓತಿಕ್ಯಾತದ ಮೈ ಎಷ್ಟು ಬಿಸಿ ಎಂದು ತಿಳಿಯುವುದಿಲ್ಲ. ಅದು ಬಿಸಿಲನ್ನೂ ಕಲ್ಲಿನ ಕಾವನ್ನೂ ಹೀರುತ್ತದೆ. ಸಂಶೋಧಕರು ಹಲ್ಲಿಯ ಗಾತ್ರದ ಟೊಳ್ಳು ತಾಮ್ರದ ಗೊಂಬೆ ಮಾಡಿ, ಹಲ್ಲಿಯ ಬಣ್ಣ ಹಚ್ಚಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಲ್ಲೂ ನೆರಳಲ್ಲೂ ಇಡುತ್ತಾರೆ. ಆ ಜಾಗದಲ್ಲಿ ಕೂತರೆ ಮೈ ಎಷ್ಟು ಕಾಯುತ್ತದೆ ಎನ್ನುವುದು ಅದರಿಂದ ಸಿಗುತ್ತದೆ. ನಿಮಗೆ ಅಷ್ಟೆಲ್ಲ ಬೇಡ. ಗನ್ ಹಾಗಿರುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಕಲ್ಲಿನ ಮೇಲ್ಮೈ ಅಳೆಯಿರಿ. ಅದನ್ನು ದೂರದಿಂದ ಓತಿಕ್ಯಾತದ ಕಡೆ ಹಿಡಿದು ಬಂದ ಅಂಕಿಯನ್ನು ಮಾತ್ರ ನಂಬಬೇಡಿ. ದೂರ ಹೆಚ್ಚಿದಂತೆ ಅದು ಅಳೆಯುವ ವೃತ್ತ ದೊಡ್ಡದಾಗುತ್ತದೆ, ಪ್ರಾಣಿಯ ಬದಲು ಗೋಡೆಯ ತಾಪಮಾನ ಬರುತ್ತದೆ.

ಹಾವಿನಜಾಡು:
ಮೈಯ ಗಾತ್ರವನ್ನೂ ಮರೆಯಬೇಡಿ. ಓತಿಕ್ಯಾತ ಕೆಲವೇ ನಿಮಿಷದಲ್ಲಿ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ದೊಡ್ಡ ಮೊಸಳೆ ಬೆಳಗ್ಗೆ ಕಾಯಿಸಿಕೊಂಡ ಬಿಸಿಯನ್ನು ಗಂಟೆಗಟ್ಟಲೆ ಉಳಿಸಿಕೊಳ್ಳುತ್ತದೆ. ಒಂದೇ ದಿನದ ಏರಿಳಿತ ಸಣ್ಣದಕ್ಕೆ ದೊಡ್ಡ ಅಲೆ, ದೊಡ್ಡದಕ್ಕೆ ಸಣ್ಣ ಅಲೆ.

ಹೊಳೆಮೀನು:
ಇಷ್ಟು ಹೇಳಿ ಭಯವೊಂದನ್ನೇ ಉಳಿಸಬಾರದು. 2020ರ ಜನವರಿಯಲ್ಲಿ ಮಯಾಮಿಯಲ್ಲಿ ಒಂದು ರಾತ್ರಿ ತಾಪಮಾನ 4.4 ಡಿಗ್ರಿಗೆ ಇಳಿಯಿತು. ಮರದ ಮೇಲೆ ಮಲಗಿದ್ದ ಇಗ್ವಾನಗಳು ಮರಗಟ್ಟಿ ನೆಲಕ್ಕೆ ಬಿದ್ದವು. ಜೇಮ್ಸ್ ಸ್ಟ್ರೌಡ್ ಮತ್ತು ಜೊತೆಗಾರರು ಆಮೇಲೆ ಅಲ್ಲಿ ಉಳಿದ ಹಲ್ಲಿಗಳ ಚಳಿ ತಾಳುವ ಶಕ್ತಿ ಅಳೆದರು. ಮೊದಲು ಪ್ರಭೇದಕ್ಕೊಂದು ಮಿತಿ ಇತ್ತು. ಈಗ ಎಲ್ಲವೂ ಸುಮಾರು 5.5 ಡಿಗ್ರಿವರೆಗೆ ತಡೆಯುತ್ತಿದ್ದವು. ತಡೆಯಲಾರದವು ಸತ್ತು ಬಲಿಷ್ಠವು ಉಳಿದವೋ, ಉಳಿದವು ಹೊಂದಿಕೊಂಡವೋ, ಎರಡೂ ಸೇರಿತೋ. ಒಟ್ಟಿನಲ್ಲಿ ಮಿತಿ ಕಲ್ಲಲ್ಲಿ ಕೆತ್ತಿದ್ದಲ್ಲ. ಆದರೆ ಬಿಸಿಯ ಕಡೆಯ ಮಿತಿ ಚಳಿಯ ಕಡೆಯದರಷ್ಟು ಸುಲಭವಾಗಿ ಜರುಗುವುದಿಲ್ಲ ಎನ್ನುವುದು ಎಷ್ಟೋ ಪ್ರಾಣಿಗಳಲ್ಲಿ ಕಂಡಿದೆ. ಅದಕ್ಕೇ ನೆರಳು ಬೇಕು.

ಬಿಸಿಲುಗೋಡೆ:
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಮನೆಯವರಿಗೆ ನಿಮ್ಮ ಮಾತುಗಳನ್ನು ಓದಿ ಹೇಳಿದೆ. ಬಳ್ಳಿ ಉಳಿಯಿತು. ಮೇಷ್ಟ್ರು ಹೇಳಿದ ಹಾಗೆ ಐದು ಕಡೆ ಕಿಟಕಿಗಳಷ್ಟು ಜಾಗ ತೆರವು ಮಾಡಿದೆವು.

ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಅಳೆದೆ. ಬಿಸಿಲು ಬಿದ್ದ ಕಲ್ಲು 49 ಡಿಗ್ರಿ. ಅದರಿಂದ ಎರಡು ಗೇಣು ದೂರ, ಬಳ್ಳಿಯ ಹಿಂದಿನ ಕಲ್ಲು 33. ಅಷ್ಟು ಹತ್ತಿರದಲ್ಲಿ ಅಷ್ಟು ವ್ಯತ್ಯಾಸ! ಮೊದಲು ಈ ಹೊತ್ತಿಗೆ ಓತಿಕ್ಯಾತವನ್ನು ಕಂಡದ್ದೇ ಇಲ್ಲ. ಇವತ್ತು ಎಲೆಗಳ ಅಂಚಿನಲ್ಲಿ ತಲೆ ಮಾತ್ರ ಹೊರಗಿಟ್ಟು ಕೂತಿತ್ತು. ಒಂದು ಇರುವೆ ಸಾಲು ಬಿಸಿಲಿನ ಕಲ್ಲಿನ ಮೇಲೆ ಹೋಗುತ್ತಿತ್ತು. ಚಂಗನೆ ಹೊರಗೆ ಬಂತು, ಎರಡು ಮೂರು ಇರುವೆ ಹೆಕ್ಕಿತು, ಮತ್ತೆ ಒಳಗೆ. ನಾನು ನೋಡುತ್ತಿದ್ದ ಮುಕ್ಕಾಲು ಗಂಟೆಯಲ್ಲಿ ಹೀಗೆ ಏಳು ಸಲ ಮಾಡಿತು. ಪ್ರತಿ ಸಲ ಬಿಸಿಲಲ್ಲಿ ಎಷ್ಟು ಸೆಕೆಂಡ್ ಇತ್ತು ಎಂದು ನಾಳೆಯಿಂದ ಬರೆದಿಡುತ್ತೇನೆ.